ದಾದಿಯರು ಏಕೆ ಉಳಿಯುತ್ತಿಲ್ಲ?

ಪ್ರತಿ ವರ್ಷ ಮೇ 12ರಂದು, ಫ್ಲಾರೆನ್ಸ್ ನೈಟಿಂಗೇಲ್ ಅವರ ಜನ್ಮದಿನವನ್ನು ಜಗತ್ತಿನಾದ್ಯಂತ ದಾದಿಯರ ದಿನವೆಂದು ಆಚರಿಸಲಾಗುತ್ತದೆ. ಅದಕ್ಕೆ ಹತ್ತಿರದ ಭಾನುವಾರ ನಮ್ಮ ಕೆಲವು ಚರ್ಚುಗಳಲ್ಲಿ ಪೂಜೆಯ ಬಳಿಕ ಊರಿನ ದಾದಿಯರನ್ನು ಬಲಿಪೀಠದ ಮುಂದೆ ಕರೆದು, ಒಂದೊಂದು ಗುಲಾಬಿ ಕೊಟ್ಟು ಹರಸುವ ಪದ್ಧತಿಯಿದೆ. ಆ ಸಾಲಿನಲ್ಲಿ ನಿಂತವರನ್ನು ಗಮನವಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಅಲ್ಲಿ ನಿವೃತ್ತರಾದ ಹಿರಿಯರಿದ್ದಾರೆ, ಇನ್ನೂ ಕಲಿಯುತ್ತಿರುವ ಹುಡುಗಿಯರಿದ್ದಾರೆ. ನಡುವಯಸ್ಸಿನವರು ಮಾತ್ರ ವಿರಳ. ಅವರು ಕುವೈತಿನಲ್ಲೋ ಡಬ್ಲಿನ್ನಿನಲ್ಲೋ ಲಂಡನ್ನಿನಲ್ಲೋ ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾರೆ.

ಹೋದವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಕರಾವಳಿಯ ಎಷ್ಟೋ ಮನೆಗಳ ಸಾಲ ತೀರಿದ್ದು, ತಮ್ಮ ತಂಗಿಯರ ಓದು ಪೂರೈಸಿದ್ದು ಈ ಹೆಣ್ಣುಮಕ್ಕಳ ದುಡಿಮೆಯಿಂದಲೇ ಎಂಬುದನ್ನು ಓದುಗರು ಬಲ್ಲರು. ಆದರೆ ಅವರು ಏಕೆ ಇಲ್ಲಿ ಉಳಿಯಲಾರದೆ ಹೋದರು ಎಂದು ನಾವು ನಮ್ಮನ್ನೇ ಕೇಳಿಕೊಂಡದ್ದು ಅಪರೂಪ.

ಕೆಲ ಸಮಯದ ಹಿಂದೆ ಪರಿಚಿತ ಹಿರಿಯರೊಬ್ಬರು ಆಸ್ಪತ್ರೆ ಸೇರಿದಾಗ ಒಂದು ರಾತ್ರಿ ಅವರ ಬಳಿ ಕುಳಿತಿರುವ ಸಂದರ್ಭ ನಮಗೆ ಒದಗಿತ್ತು. ಮೂವತ್ತಕ್ಕೂ ಹೆಚ್ಚು ಹಾಸಿಗೆಗಳಿದ್ದ ಆ ವಾರ್ಡಿಗೆ ಇದ್ದವರು ಒಬ್ಬ ದಾದಿ ಮತ್ತು ಒಬ್ಬ ವಿದ್ಯಾರ್ಥಿನಿ. ಗ್ಲುಕೋಸ್ ಬಾಟಲಿ ಬರಿದಾದಾಗ ಹಿರಿಯರ ಪತ್ನಿಯೇ ಎದ್ದು, ಮೊಣಕಾಲು ನೋವಿನಲ್ಲಿ ಗೋಡೆ ಹಿಡಿದು ನಡೆದು ಹೋಗಿ ಕರೆತರಬೇಕಾಯಿತು. ದಾದಿ ಓಡಿ ಬಂದರು, ಕ್ಷಮೆಯನ್ನೂ ಕೇಳಿದರು. ಆಕೆಯ ತಪ್ಪೇನೂ ಇರಲಿಲ್ಲ. ಆ ದಂಪತಿಗಳ ಮಗಳೂ ದಾದಿಯೇ. ಅದೇ ಹೊತ್ತಿನಲ್ಲಿ ಆಕೆ ಪರದೇಶದಲ್ಲಿ ಬೇರೆ ಯಾರದೋ ತಂದೆಯ ಮಗ್ಗುಲು ಬದಲಿಸುತ್ತಿದ್ದಳು.

ಇದು ಒಂದು ವಾರ್ಡಿನ ಕಥೆಯಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ವರದಿಯಂತೆ, 2023ರಲ್ಲಿ ಜಗತ್ತಿನಲ್ಲಿ ಸುಮಾರು 2 ಕೋಟಿ 98 ಲಕ್ಷ ದಾದಿಯರಿದ್ದರು. ಇನ್ನೂ 58 ಲಕ್ಷ ಮಂದಿಯ ಕೊರತೆಯಿತ್ತು. ಶ್ರೀಮಂತ ರಾಷ್ಟ್ರಗಳ ದಾದಿಯರಲ್ಲಿ ಶೇಕಡ 23ರಷ್ಟು ಮಂದಿ ಹೊರನಾಡಿನಲ್ಲಿ ಹುಟ್ಟಿದವರು. ಅಂದರೆ, ಅವರು ತಮ್ಮ ಕೊರತೆಯನ್ನು ನಮ್ಮಂಥ ನಾಡುಗಳಿಂದ ತುಂಬಿಸಿಕೊಳ್ಳುತ್ತಿದ್ದಾರೆ.

ದಾದಿಯರು ಕಡಿಮೆಯಾದರೆ ಆಗುವ ಹಾನಿ ಕೇವಲ ಅನನುಕೂಲವೆಂದು ಭಾವಿಸುವುದು ತಪ್ಪು. ವೈದ್ಯರು ರೋಗಿಯ ಬಳಿ ನಿಲ್ಲುವುದು ಕೆಲವು ನಿಮಿಷ. ಉಳಿದ ಹೊತ್ತೆಲ್ಲ ರೋಗಿಯ ಉಸಿರು, ಜ್ವರ, ರಕ್ತದೊತ್ತಡಗಳ ಮೇಲೆ ಕಣ್ಣಿಟ್ಟಿರುವವರು ದಾದಿಯರು. ಆ ಕಣ್ಣು ಬೇರೆಡೆ ಹರಿದರೆ ಔಷಧದ ಹೊತ್ತು ತಪ್ಪುತ್ತದೆ, ಬೆನ್ನಿಗೆ ಹಾಸಿಗೆ ಹುಣ್ಣಾಗುತ್ತದೆ, ನಂಜು ಹರಡುತ್ತದೆ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ರೋಗಿಗಳನ್ನು ಕುರಿತು ಲಿಂಡಾ ಏಕನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಮೂವತ್ತು ದಿನಗಳೊಳಗೆ ರೋಗಿ ಸಾಯುವ ಸಂಭವ ಶೇಕಡ 7ರಷ್ಟು ಏರುತ್ತದೆಂದು ಅವರು ಕಂಡುಕೊಂಡರು. ನಮ್ಮ ವಾರ್ಡುಗಳಲ್ಲಿ ಹೆಚ್ಚಾಗುವುದು ಒಬ್ಬ ರೋಗಿಯಲ್ಲ, ಹತ್ತು ಹದಿನೈದು ಮಂದಿ.

ಹಾಗಾದರೆ ಕಲಿತವರ ಅಭಾವವೇ? ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ಮಂಗಳೂರಿನ ಬೀದಿಗಳಲ್ಲಿ ಬೆಳಗ್ಗೆ ಸಮವಸ್ತ್ರ ತೊಟ್ಟು ಬಸ್ಸಿಗೆ ಕಾಯುವ ವಿದ್ಯಾರ್ಥಿಗಳೇ ಇದಕ್ಕೆ ಸಾಕ್ಷಿ. ಕಲಿಯುವವರಿದ್ದಾರೆ, ಉಳಿಯುವವರಿಲ್ಲ. ಕೊರತೆಯ ಬೇರು ಸಂಬಳದಲ್ಲಿ, ಕೆಲಸದ ಹೊರೆಯಲ್ಲಿ, ಗೌರವದಲ್ಲಿ ಇದೆ ಎಂಬುದು ನಮ್ಮ ಅಭಿಮತ.

ಇಲ್ಲಿ ಕಥೋಲಿಕರಾದ ನಾವು ಆತ್ಮಶೋಧನೆ ಮಾಡಿಕೊಳ್ಳಬೇಕಾದ ಮಾತೊಂದಿದೆ. ಆಸ್ಪತ್ರೆಗೆ ಹೋದವರು ಧರ್ಮಭಗಿನಿಯನ್ನೂ ದಾದಿಯನ್ನೂ ‘ಸಿಸ್ಟರ್’ ಎಂದೇ ಕರೆಯುತ್ತಾರೆ. ಇದಕ್ಕೆ ಕಾರಣವಿದೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಅವರು ಬಡವರಿಗಾಗಿ ಔಷಧಾಲಯ ತೆರೆದರು. ಬೆಂಗಳೂರಿನಲ್ಲಿ 1886ರಲ್ಲಿ ಗುಡ್ ಶೆಫರ್ಡ್ ಭಗಿನಿಯರು ಸೇಂಟ್ ಮಾರ್ಥಾ ಆಸ್ಪತ್ರೆಯನ್ನು ಆರಂಭಿಸಿದರು. ಅಂದಿನಿಂದ ನಾಡಿನ ಎಷ್ಟೋ ವಾರ್ಡುಗಳನ್ನು ಧರ್ಮಭಗಿನಿಯರು ತಮ್ಮ ಬದುಕನ್ನೇ ತೆತ್ತು ನಡೆಸಿದ್ದಾರೆ. ಬಡತನದ ವ್ರತ ತೊಟ್ಟವರು ತಮಗಾಗಿ ಸಂಬಳ ಬೇಡಲಿಲ್ಲ. ಅವರ ತ್ಯಾಗಕ್ಕೆ ನಾವು ತಲೆಬಾಗುತ್ತೇವೆ.

ಆದರೆ ಇಂದು ಅದೇ ಕೆಲಸ ಮಾಡುತ್ತಿರುವ ಹೆಣ್ಣುಮಗಳು, ಈಗೀಗ ಹುಡುಗರೂ ಸಹ, ಅಂಥ ವ್ರತ ತೊಟ್ಟವರಲ್ಲ. ಅವರಿಗೆ ಓದಿನ ಸಾಲವಿದೆ, ಬಾಡಿಗೆಯಿದೆ, ಮನೆಯಲ್ಲಿ ಮಕ್ಕಳಿದ್ದಾರೆ. ಕಾನ್ವೆಂಟಿನ ತ್ಯಾಗವನ್ನು ಅಳತೆಗೋಲಾಗಿಟ್ಟುಕೊಂಡು ಸಂಸಾರಸ್ಥರ ಸಂಬಳ ನಿಗದಿ ಮಾಡುವುದು ಸೇವೆಯಲ್ಲ, ಅನ್ಯಾಯ. ದುಡಿಯುವವನಿಗೆ ಕುಟುಂಬ ಸಾಕುವಷ್ಟು ಕೂಲಿ ಸಲ್ಲಬೇಕೆಂದು 1891ರಲ್ಲೇ ಹದಿಮೂರನೆಯ ಲಿಯೋ ಜಗದ್ಗುರುಗಳು ‘ರೇರುಂ ನೊವಾರುಂ’ ಪರಿಪತ್ರದಲ್ಲಿ ಸಾರಿದ್ದರು. ಕಾರ್ಖಾನೆಯ ಮಾಲೀಕರಿಗೆ ಸಲ್ಲುವ ಆ ಬೋಧೆ ಆಸ್ಪತ್ರೆಗಳಿಗೂ ಸಲ್ಲಬೇಡವೇ?

ದೇಶದ ನ್ಯಾಯಾಲಯವೂ ಇದನ್ನು ಮನಗಂಡಿದೆ. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ 2016ರಲ್ಲಿ ಕೇಂದ್ರ ಸರಕಾರ ನೇಮಿಸಿದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳು ದಾದಿಯರಿಗೆ ಸರಕಾರಿ ದಾದಿಯರ ಸಮಾನ ವೇತನ ಕೊಡಬೇಕೆಂದೂ, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದೆಂದೂ ಶಿಫಾರಸು ಮಾಡಿತು. ಜಾರಿಯ ಹೊಣೆ ರಾಜ್ಯಗಳ ಮೇಲೆ ಬಿತ್ತು. ನೆರೆಯ ಕೇರಳದಲ್ಲಿ ದಾದಿಯರು ಮುಷ್ಕರ ಹೂಡಿದ ಮೇಲೆ, 2018ರ ಏಪ್ರಿಲಿನಲ್ಲಿ ಅಲ್ಲಿನ ಸರಕಾರ ಖಾಸಗಿ ಆಸ್ಪತ್ರೆಗಳಿಗೆ 20,000 ರೂಪಾಯಿಗಳ ಕನಿಷ್ಠ ಮೂಲವೇತನವನ್ನು ಗೊತ್ತುಪಡಿಸಿತು. ಬೀದಿಗಿಳಿದ ಮೇಲೆ ಸಿಕ್ಕಿದ್ದನ್ನು ಬೀದಿಗಿಳಿಯುವ ಮುನ್ನವೇ ಕೊಡುವುದು ಸಜ್ಜನಿಕೆ.

ಹಳ್ಳಿಗಾಡಿನ ಸಣ್ಣ ಮಿಷನ್ ಆಸ್ಪತ್ರೆಗಳು ಇಷ್ಟು ಸಂಬಳ ಎಲ್ಲಿಂದ ತರಬೇಕು, ಕೊನೆಗೆ ಬಡರೋಗಿಯ ಬಿಲ್ಲೇ ಏರುವುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸಾಚಾ ಆದದ್ದು. ಆದರೆ ಬಡರೋಗಿಯ ರಿಯಾಯಿತಿಯ ಭಾರವನ್ನು ಅವನಷ್ಟೇ ಬಡವಳಾದ ದಾದಿಯೊಬ್ಬಳೇ ಏಕೆ ಹೊರಬೇಕು? ಅದನ್ನು ಹೊರಬೇಕಾದದ್ದು ಇಡೀ ಸಮುದಾಯ. ಹೊಸ ಕಟ್ಟಡಕ್ಕೆ, ಯಂತ್ರಕ್ಕೆ, ಹಬ್ಬದ ದೀಪಾಲಂಕಾರಕ್ಕೆ ನಾವು ಧಾರಾಳವಾಗಿ ಕೊಡುತ್ತೇವೆ, ಅಮೃತಶಿಲೆಯ ಮೇಲೆ ಹೆಸರನ್ನೂ ಕೆತ್ತಿಸುತ್ತೇವೆ. ರಾತ್ರಿ ಪಾಳಿಯ ಒಬ್ಬ ದಾದಿಯ ಒಂದು ವರ್ಷದ ಸಂಬಳಕ್ಕೆಂದು ದಾನ ಕೊಟ್ಟವರು ಎಷ್ಟು ಮಂದಿ?

ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳೂ ಇವೆ. ಬಾಂಡಿನ ಹೆಸರಿನಲ್ಲಿ ಮೂಲ ಪ್ರಮಾಣಪತ್ರಗಳನ್ನು ತಡೆಹಿಡಿಯುವ ಸಂಸ್ಥೆಗಳು ಇನ್ನೂ ಅಲ್ಲಲ್ಲಿ ಇವೆಯೆಂದು ದಾದಿಯರು ದೂರುತ್ತಾರೆ. ನಮ್ಮ ಸಂಸ್ಥೆಗಳಲ್ಲಿ ಎಲ್ಲಾದರೂ ಅದು ಇದ್ದರೆ ನಾಳೆಯೇ ನಿಲ್ಲಲಿ. ಪಾಳಿಯ ಪಟ್ಟಿಯನ್ನು ದಾದಿಯರೊಡನೆ ಕೂತು ಸಿದ್ಧಪಡಿಸಲಿ. ವಿದ್ಯಾರ್ಥಿನಿಯರನ್ನು ಪೂರ್ಣಕಾಲದ ನೌಕರರ ಬದಲಿಗೆ ನಿಲ್ಲಿಸದಿರಲಿ. ಮನೆಯವರಾಗಿ ನಮಗೂ ಪಾಲಿದೆ. ತಡವಾಯಿತೆಂದು ದಾದಿಯ ಮೇಲೆ ಕೂಗಾಡುವ ಮೊದಲು, ಆಕೆಯ ಪಾಲಿಗೆ ಎಷ್ಟು ರೋಗಿಗಳಿದ್ದಾರೆಂದು ಕೇಳೋಣ. ಆ ಪ್ರಶ್ನೆಯನ್ನು ಆಡಳಿತದವರ ಮುಂದೆಯೂ ಇಡೋಣ.

ದಯಾಳುವಾದ ಸಮಾರಿಯದವನ ಸಾಮತಿ ನಮಗೆಲ್ಲ ಬಾಯಿಪಾಠ. ದಾರಿಯಲ್ಲಿ ಬಿದ್ದವನ ಗಾಯಕ್ಕೆ ಅವನು ಎಣ್ಣೆ ದ್ರಾಕ್ಷಾರಸ ಸುರಿದದ್ದನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಮರುದಿನ ಅವನು ಮಾಡಿದ್ದನ್ನು ಅಷ್ಟಾಗಿ ಹೇಳುವುದಿಲ್ಲ. ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯಗಳನ್ನಿತ್ತು, ಇನ್ನೂ ಖರ್ಚಾದರೆ ಹಿಂದಿರುಗುವಾಗ ಕೊಡುವೆನೆಂದು ಮಾತು ಕೊಟ್ಟು ಹೊರಟನು. ಪುಣ್ಯದ ಕೆಲಸವೆಂದು ಹೇಳಿ ಛತ್ರದವನಿಂದ ಬಿಟ್ಟಿ ಆರೈಕೆಯನ್ನು ಅವನು ಕೇಳಲಿಲ್ಲ. ಮುಂದಿನ ಮೇ ತಿಂಗಳ ಭಾನುವಾರ ಗುಲಾಬಿಯನ್ನು ಕೊಡೋಣ, ಜೊತೆಗೆ ಆ ಎರಡು ನಾಣ್ಯಗಳ ಲೆಕ್ಕವನ್ನೂ ಚುಕ್ತಾ ಮಾಡೋಣ.