ಬ್ರೇಕಿನೊಳಗಿನ ಗಾಳಿ

ಪಿಕಪ್ ಗಾಡಿಯ ಬ್ರೇಕಿನಿಂದ ಗಾಳಿ ತೆಗೆಯುವ ಕೆಲಸವನ್ನು ಮನೆಯಂಗಳದಲ್ಲಿಯೇ ಮಾಡಬಹುದು. ಆದರೆ ಒಬ್ಬರೇ ಮಾಡಕೂಡದೆಂಬುದು ನನ್ನ ಖಚಿತ ಅಭಿಪ್ರಾಯ. ನೀವು ಕಂಠಪಾಠ ಮಾಡಿದ ಪ್ಯಾಸ್ಕಲನ ನಿಯಮವನ್ನು ನೆನೆಯಿರಿ. ದ್ರವದ ಮೇಲಿನ ಒತ್ತಡ ಎಲ್ಲೆಡೆಗೂ ಸಮನಾಗಿ ಹಬ್ಬುತ್ತದೆ. ನಡುವೆ ಗಾಳಿಯಿದ್ದರೆ ಪೆಡಲಿನ ಚಲನೆಯೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲಿಯೇ ವ್ಯರ್ಥವಾಗುತ್ತದೆ. ಒಬ್ಬರು ಪೆಡಲನ್ನು ಒತ್ತಿ ಹಿಡಿದಿರಬೇಕು. ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ ಸಡಿಲಿಸಿ, ಕಾಲು ತೆಗೆಯುವ ಮುನ್ನವೇ ಬಿಗಿಯಬೇಕು. ತಡವಾದರೆ ಗಾಳಿ ಮರಳಿ ಒಳಸೇರುತ್ತದೆ.

ಹೊರಬಂದ ಬ್ರೇಕ್ ಆಯಿಲನ್ನು ಮತ್ತೆ ಸುರಿಯುವ ಜಿಪುಣತನವನ್ನಂತೂ (ನಮ್ಮ ಬಂಧುಗಳಲ್ಲಿಯೂ ಇದೆ!) ನಾನು ಒಪ್ಪಲಾರೆ. ಅದು ತೇವ ಹೀರುವ ದ್ರವ. ಡಾಟ್ 3 ದ್ರವಕ್ಕೆ ವಿಧಿಸಿರುವ ಕನಿಷ್ಠ ಕುದಿಬಿಂದು ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್, ತೇವ ಹೀರಿದಾಗ 140 ಮಾತ್ರ. ಭಾರ ಹೊತ್ತು ಘಾಟಿಯಿಳಿಯುವಾಗ ಅದು ಕುದಿದು ಆವಿಯಾದರೆ ಪೆಡಲು ತಳ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಮೊದಲು ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ಓಡಿಸಿ ನೋಡಿ. ಅಡಿಕೆ ಮೂಟೆ ಹೇರುವುದು ಆಮೇಲಾಗಲಿ.