ಅಂಬಾರಿಗೆ ಬೇಡ, ಕಾಳಗಕ್ಕೆ ಬೇಕು

2023ರ ಡಿಸೆಂಬರ್ 4. ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಆರಂಭವಾದ ದಿನವೇ ನಮ್ಮ ಸಕಲೇಶಪುರ ಸೀಮೆಯ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯಲು ಹೋದ ಅರ್ಜುನ ಸತ್ತ. ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತವನು. ಅರವತ್ತು ದಾಟಿತೆಂದು ಅಂಬಾರಿ ಇಳಿಸಿದ ಸರ್ಕಾರವೇ ಅವನನ್ನು ಸಲಗದ ಎದುರು ನಿಲ್ಲಿಸಿತು.

ಆಮೇಲೆ ಸ್ಮಾರಕದ ಮಾತು ಬಂತು. ಮಗ್ಗೆಯವನಾದ ನನಗೆ ಸ್ಮಾರಕಕ್ಕಿಂತ ಮೊದಲು ನಿಯಮ ಬೇಕು. ಭಾರ ಹೊರಲು ಇರುವ ವಯಸ್ಸಿನ ಮಿತಿ ಕಾಳಗಕ್ಕೇಕಿಲ್ಲ? ಸದನ ಇದನ್ನು ಕೇಳಲಿ.

ಇಲ್ಲಿ ಕಾಫಿ ತೋಟಕ್ಕೆ ನಡೆದು ಹೋಗುವ ಹೆಂಗಸರು ಆನೆ ಯಾವ ಕಡೆ ಇದೆಯೆಂದು ವಿಚಾರಿಸಿಯೇ ಹೊರಡುತ್ತಾರೆ. ಅವರ ಜೀವಕ್ಕೂ ಸತ್ತ ಮೇಲಷ್ಟೇ ಬೆಲೆ. ಅದರ ಹೆಸರು ಪರಿಹಾರ. ಮೊತ್ತ ಏರಿಸಿ ಮೇಜು ಕುಟ್ಟುವುದು ಸುಲಭ. ಅವರನ್ನು ತೋಟಕ್ಕೆ ಕರೆದೊಯ್ಯಲು ಗಾಡಿ ಕಡ್ಡಾಯ ಮಾಡಿ. ಪ್ರಾಣಿದಯೆಯ ಭಾಷಣ ಆಮೇಲೆ ಕೇಳುತ್ತೇವೆ.