ಹೊಗಳಿಕೆಯ ಹಿಂದಿನ ಋಣ

ಮನುಷ್ಯನು ತಾನು ಕೊಂಡ ವಸ್ತು ಚೆನ್ನಾಗಿದ್ದರೆ ಅದನ್ನು ನಾಲ್ಕು ಜನಕ್ಕೆ ಹೇಳದೆ ಇರಲಾರ. ಒಳ್ಳೆಯ ಎತ್ತಿನ ಜೋಡಿ, ಒಳ್ಳೆಯ ವೈದ್ಯ, ಒಳ್ಳೆಯ ಪುಸ್ತಕ, ಯಾವುದು ದೊರೆತರೂ ಆ ಸಂತೋಷ ಒಬ್ಬನಲ್ಲಿಯೇ ನಿಲ್ಲುವುದಿಲ್ಲ. ನೆರೆಮನೆಯ ಜಗಲಿಯವರೆಗಾದರೂ ಹರಿದು ಹೋಗುತ್ತದೆ. ಲೋಕವ್ಯವಹಾರ ಬಹುಮಟ್ಟಿಗೆ ನಡೆಯುತ್ತಿರುವುದು ಈ ಮಾತಿನ ಬಲದ ಮೇಲೆಯೇ. ವ್ಯಾಪಾರಿಗೆ ಇದು ತಿಳಿಯದ ಸಂಗತಿಯಲ್ಲ. ತನ್ನ ಸರಕನ್ನು ತಾನೇ ಹೊಗಳಿಕೊಂಡರೆ ಜನ ಅರ್ಧ ನಂಬುತ್ತಾರೆ. ಅದನ್ನೇ ಕೊಂಡ ಮತ್ತೊಬ್ಬನು ಹೊಗಳಿದರೆ ಪೂರ್ತಿ ನಂಬುತ್ತಾರೆ. ಆದಕಾರಣ ಕೊಂಡವನ ನಾಲಗೆಯನ್ನೇ ಗುಟ್ಟಾಗಿ ಬಾಡಿಗೆಗೆ ಹಿಡಿಯುವ ವಿದ್ಯೆಯೊಂದು ಬೆಳೆದಿದೆ. ಯಾವುದು ಮೆಚ್ಚಿಕೆ, ಯಾವುದು ಮಾರಾಟ ಎಂಬುದನ್ನು ಬೇರ್ಪಡಿಸಿ ನೋಡುವ ಕೆಲಸ ಈಗ ಸಾಮಾನ್ಯ ಜನರ ಪಾಲಿಗೆ ಬಂದಿದೆ.

ಸಾಬೂನು, ಹಲ್ಲುಪುಡಿಗಳ ವಿಷಯದಲ್ಲಾದರೆ ಮೋಸ ಹೋದರೂ ಹೋಗುವುದು ನಾಲ್ಕು ಕಾಸು. ಆದರೆ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಈ ಪ್ರಶ್ನೆಗೆ ಬೇರೊಂದು ತೂಕವಿದೆ. ಅರಿಶಿನ, ಬಾಳೆ, ಸಣ್ಣ ಈರುಳ್ಳಿಗಳನ್ನು ಬೆಳೆಯುವ ನೀರಿನ ಆಸರೆಯ ತೋಟಗಳು ಇಲ್ಲಿ ಇಲ್ಲದಿಲ್ಲ. ಆದರೂ ಹತ್ತಿ, ಸೂರ್ಯಕಾಂತಿ, ಜೋಳಗಳನ್ನು ಬಿತ್ತುವ ಹೊಲಗಳು ಹೆಚ್ಚಾಗಿ ಆಕಾಶವನ್ನೇ ನೋಡುತ್ತ ಕುಳಿತಂಥವು. ಭರಣಿ, ಕೃತ್ತಿಕೆಯ ಮಳೆ ಬಿದ್ದ ಹದದಲ್ಲಿ ಬಿತ್ತನೆಯಾಗಬೇಕು; ಹದ ಕಾಯುವುದಿಲ್ಲ. ಆ ನಾಲ್ಕು ದಿನಗಳಲ್ಲಿ ಅಂಗಡಿಯ ಮುಂದೆ ನಿಂತ ರೈತನಿಗೆ ಹತ್ತಾರು ಹೆಸರಿನ ಬೀಜದ ಪೊಟ್ಟಣಗಳು ಕಾಣುತ್ತವೆ. ಬೀಜದ ಗುಣ ಹೊರಗಣ್ಣಿಗೆ ತೋರುವಂಥದಲ್ಲ. ಅವನು ಆತುಕೊಳ್ಳುವುದು ಒಂದೇ ಮಾತನ್ನು: “ಹೋದ ವರ್ಷ ಅವರ ಹೊಲದಲ್ಲಿ ಚೆನ್ನಾಗಿ ಬಂತಂತೆ.” ಆ ‘ಅಂತೆ’ ಸುಳ್ಳಾದರೆ ಕಳೆದುಹೋಗುವುದು ಒಂದು ಪೊಟ್ಟಣದ ಬೆಲೆಯಲ್ಲ, ಒಂದು ಸಂಸಾರದ ಒಂದು ವರ್ಷ.

ಬೀಜದ ಕಂಪೆನಿಗಳು ನಡೆಸುವ ‘ಕ್ಷೇತ್ರೋತ್ಸವ’ಗಳನ್ನು ಓದುಗರಲ್ಲಿ ಹಲವರು ಕಂಡಿರಬಹುದು. ಗುಂಡ್ಲುಪೇಟೆಯ ಕಡೆಯ ಇಂಥ ಒಂದು ಸಮಾರಂಭಕ್ಕೆ ನಾನೂ ಹೋಗಿದ್ದೆ. ಹೊಲದ ಬದಿಯಲ್ಲಿ ಶಾಮಿಯಾನ, ಬಂದವರಿಗೆ ಟೋಪಿ, ಮಧ್ಯಾಹ್ನಕ್ಕೆ ಊಟ. ಹೊಲದ ಯಜಮಾನರು ಎದ್ದು ನಿಂತು, ಆ ಬೀಜದಿಂದ ತಮಗಾದ ಲಾಭವನ್ನು ಮನಸಾರೆ ವರ್ಣಿಸಿದರು. ಗಿಡಗಳೂ ಅವರ ಮಾತಿಗೆ ಸಾಕ್ಷಿ ಹೇಳುವಂತೆ ಸೊಂಪಾಗಿಯೇ ನಿಂತಿದ್ದವು. ಊಟವಾದ ಮೇಲೆ, ಗಿಡದ ಬುಡದಲ್ಲಿ ಕಾಣುತ್ತಿದ್ದ ಹನಿ ನೀರಾವರಿಯ ಕೊಳವೆಯನ್ನು ತೋರಿಸಿ, ಇದು ಯಾರದೆಂದು ಅವರನ್ನು ಕೇಳಿದೆ. ಕೊಳವೆ, ಗೊಬ್ಬರ, ಔಷಧಿ ಎಲ್ಲವೂ ಕಂಪೆನಿಯದೇ ಎಂದರು. ಭಾಷಣದಲ್ಲಿ ಇದನ್ನೇಕೆ ಹೇಳಲಿಲ್ಲವೆಂದಾಗ ಅವರಿತ್ತ ಉತ್ತರವನ್ನು ನಾನು ಮರೆತಿಲ್ಲ: “ಕೇಳಿದ್ರೆ ಹೇಳ್ತಿದ್ದೆ ಕನಿ ಮೇಷ್ಟ್ರೇ, ಯಾರೂ ಕೇಳ್ನಿಲ್ವಲ್ಲ!”

ಆ ರೈತರು ಸುಳ್ಳುಗಾರರಲ್ಲ. ಅವರು ಹೇಳಿದ ಒಂದೊಂದು ಮಾತೂ ನಿಜ. ಹೇಳದೆ ಬಿಟ್ಟ ಮಾತೊಂದರಿಂದ ಆ ನಿಜವೆಲ್ಲ ಜಾಹೀರಾತಾಗಿ ಮಾರ್ಪಟ್ಟಿತು, ಅಷ್ಟೆ. ಇಲ್ಲಿಯೇ ವಿಷಯದ ತಿರುಳಿದೆ. ಕಪಟವಿರುವುದು ಹೊಗಳಿಕೆಯಲ್ಲಲ್ಲ, ಹೊಗಳಿಕೆಯ ಹಿಂದಿನ ಋಣವನ್ನು ಮರೆಮಾಡುವುದರಲ್ಲಿ.

ಇದು ಹಳ್ಳಿಯ ಶಾಮಿಯಾನಕ್ಕೆ ಮಾತ್ರ ಸೇರಿದ ಕಥೆಯಲ್ಲ. ಬಿಟಿ ಹತ್ತಿಯನ್ನು ವಾಣಿಜ್ಯವಾಗಿ ಬೆಳೆಯಲು ನಮ್ಮ ದೇಶದಲ್ಲಿ ಅನುಮತಿ ದೊರೆತದ್ದು 2002ರ ಮಾರ್ಚಿಯಲ್ಲಿ. ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯ ಭಾಂಬ್ರಾಜಾ, ಅಂತರಗಾಂವ್ ಎಂಬ ಎರಡು ಹಳ್ಳಿಗಳ ರೈತರು ಈ ಹತ್ತಿಯಿಂದ ಏಳಿಗೆಗೆ ಬಂದರೆಂಬ ಪುಟದಗಲದ ವರದಿಯೊಂದು 2008ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ದ ನಾಗಪುರದ ಆವೃತ್ತಿಯಲ್ಲಿ ಪ್ರಕಟವಾಯಿತು. ವರದಿಗಾರರ ಪ್ರಯಾಣದ ಏರ್ಪಾಡು ಬೀಜದ ಕಂಪೆನಿಯದೆಂಬ ಸೂಚನೆ ಪುಟದ ಕೆಳಗಿತ್ತು. ಮೂರು ವರ್ಷದ ಮೇಲೆ, 2011ರ ಆಗಸ್ಟಿನಲ್ಲಿ, ಅದೇ ಬರಹ ಅದೇ ಪತ್ರಿಕೆಯಲ್ಲಿ ಹಣ ಕೊಟ್ಟು ಹಾಕಿಸಿದ ಪ್ರಚಾರವಾಗಿ ಮತ್ತೆ ಕಾಣಿಸಿಕೊಂಡಿತು. ಪತ್ರಕರ್ತ ಪಿ. ಸಾಯಿನಾಥರು 2012ರ ಮೇ ತಿಂಗಳಿನಲ್ಲಿ ‘ದಿ ಹಿಂದೂ’ ಪತ್ರಿಕೆಯಲ್ಲಿ ಇದನ್ನು ಬಯಲಿಗೆಳೆದರು. ಒಂದೇ ಬರಹ ಮೊದಲು ಸುದ್ದಿಯಾಗಿಯೂ ಆಮೇಲೆ ಜಾಹೀರಾತಾಗಿಯೂ ನಡೆಯಬಲ್ಲುದಾದರೆ, ಓದುವವನು ಬರಿಯ ಶೈಲಿಯನ್ನು ನೋಡಿ ಯಾವುದನ್ನು ನಿರ್ಧರಿಸಿಯಾನು?

ಹಾಗಾದರೆ ಗುರುತುಗಳೇ ಇಲ್ಲವೆ? ಕೆಲವು ಉಂಟು. ನಿಜವಾಗಿ ಮೆಚ್ಚಿದವನು ವಸ್ತುವಿಗಿಂತ ಹೆಚ್ಚಾಗಿ ತನ್ನ ಹೊಲದ ಮಾತನ್ನು ಆಡುತ್ತಾನೆ: ಮಣ್ಣು ಕೆಂಪೋ ಕಪ್ಪೋ, ಮಳೆ ಎಷ್ಟು ಬಂತು, ಕೂಲಿ ಎಷ್ಟು ಹೋಯಿತು. ಬಾಡಿಗೆಯ ನಾಲಗೆ ಮಾತುಮಾತಿಗೂ ಸರಕಿನ ಹೆಸರನ್ನೇ ಜಪಿಸುತ್ತದೆ. ನಿಜವಾದ ಮೆಚ್ಚಿಕೆಯಲ್ಲಿ ಎಲ್ಲಿಯಾದರೂ ಒಂದು ‘ಆದರೆ’ ಇರುತ್ತದೆ. ಇಳುವರಿ ಬಂತು, ಆದರೆ ಕಾಯಿ ಬಿಡಿಸುವುದು ಕಷ್ಟ ಎಂಬಂತೆ. ಎಲ್ಲಕ್ಕಿಂತ ಮುಖ್ಯವಾದದ್ದು ಕಾಲ. ಮನಸ್ಸಿನ ಮೆಚ್ಚಿಕೆ ಬರುವುದು ಸುಗ್ಗಿಯಾಗಿ, ಲೆಕ್ಕ ನೋಡಿದ ಮೇಲೆ. ಮಾರಾಟದ ಮೆಚ್ಚಿಕೆ ಗಟ್ಟಿಯಾಗಿ ಕೇಳಿಸುವುದು ಬಿತ್ತನೆಗೆ ಮುಂಚೆ, ಅಂಗಡಿಗೆ ಸರಕು ಬಂದಿಳಿದ ವಾರದಲ್ಲಿ.

ಆದರೆ ಈ ಗುರುತುಗಳನ್ನೇ ಪೂರ್ತಿಯಾಗಿ ನೆಚ್ಚುವಂತಿಲ್ಲ. ನಾವು ಕಲಿತದ್ದನ್ನು ಮಾರುವವನೂ ಕಲಿಯುತ್ತಾನೆ. ನಾಳೆ ತನ್ನ ಹೊಗಳಿಕೆಗೆ ಒಂದು ಚಿಕ್ಕ ‘ಆದರೆ’ಯನ್ನು ತಾನೇ ಪೋಣಿಸುತ್ತಾನೆ. ಕಾನೂನು ಕೈಕಟ್ಟಿ ಕುಳಿತಿಲ್ಲವೆಂಬುದು ನಿಜ. ಅಂತರ್ಜಾಲದ ಮಾರುಕಟ್ಟೆಯಲ್ಲಿ ಮಾರುವವನು ತಾನೇ ಗ್ರಾಹಕನೆಂದು ವೇಷ ಹಾಕಿ ಅಭಿಪ್ರಾಯ ಬರೆಯಕೂಡದೆಂದು ಕೇಂದ್ರ ಸರ್ಕಾರದ 2020ರ ನಿಯಮಗಳು ಹೇಳುತ್ತವೆ. ಹೊಗಳುವವನಿಗೂ ಕಂಪೆನಿಗೂ ಸಂಬಂಧವಿದ್ದರೆ ಅದನ್ನು ಪ್ರಕಟಪಡಿಸಬೇಕೆಂಬ ಮಾರ್ಗಸೂಚಿ 2022ರ ಜೂನಿನಲ್ಲಿ ಬಂದಿದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಮೊದಲ ಸಲ 10 ಲಕ್ಷ ರೂಪಾಯಿಯವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಇವು ಬೇಕಾದವುಗಳೇ. ಆದರೆ ತೆರಕಣಾಂಬಿಯ ಚಹದಂಗಡಿಯ ಬೆಂಚಿನ ಮೇಲೆ ಕುಳಿತು ಒಬ್ಬನು ಇನ್ನೊಬ್ಬನಿಗೆ ಹೇಳುವ ಮಾತನ್ನು ಯಾವ ಪ್ರಾಧಿಕಾರ ಹಿಡಿದು ವಿಚಾರಿಸೀತು? ಅಲ್ಲಿ ನಮ್ಮನ್ನು ಕಾಯಬೇಕಾದದ್ದು ಕಾನೂನಲ್ಲ, ನಡವಳಿಕೆ.

ಆ ನಡವಳಿಕೆ ನಮ್ಮ ಪರಂಪರೆಗೆ ಹೊಸದೇನೂ ಅಲ್ಲ. ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ. ಒಬ್ಬ ಅರಸನಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕೆ? ಆದರೂ ಪಂಪನನ್ನು ನಾವು ವಂಚಕನೆನ್ನುವುದಿಲ್ಲ. ಅರಿಕೇಸರಿ ತನ್ನನ್ನು ಸನ್ಮಾನಿಸಿದ್ದನ್ನೂ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟದ್ದನ್ನೂ ಕವಿ ತನ್ನ ಕಾವ್ಯದಲ್ಲಿಯೇ ಹೇಳಿಕೊಂಡಿದ್ದಾನೆ. ಋಣ ಇಷ್ಟು ಬಯಲಾಗಿರುವಾಗ ಹೊಗಳಿಕೆಯನ್ನು ಎಷ್ಟು ತೂಗಬೇಕೆಂಬುದು ಓದುವವನಿಗೆ ಬಿಟ್ಟ ಮಾತು. ನಮ್ಮ ಕಾಲಕ್ಕೆ ಬಂದರೆ, ಚಾಮರಾಜನಗರಕ್ಕೆ ನೆರೆಯ ಗಾಜನೂರಿನವರಾದ ರಾಜ್‌ಕುಮಾರ್ ನಂದಿನಿ ಹಾಲಿನ ಜಾಹೀರಾತಿನಲ್ಲಿ ಸಂಭಾವನೆ ಪಡೆಯದೆ ಕಾಣಿಸಿಕೊಂಡದ್ದು ನಾಡಿಗೆಲ್ಲ ಗೊತ್ತು. ಒಬ್ಬರು ಪಡೆದುದನ್ನು ಹೇಳಿದರು, ಇನ್ನೊಬ್ಬರು ಪಡೆಯಲಿಲ್ಲವೆಂಬುದು ಲೋಕಕ್ಕೆ ತಿಳಿಯಿತು. ಎರಡು ಕಡೆಯಲ್ಲಿಯೂ ಲೆಕ್ಕದ ಪುಸ್ತಕ ತೆರೆದೇ ಇದೆ. ಗುಂಡ್ಲುಪೇಟೆಯ ರಸ್ತೆಯ ಎರಡು ಬದಿಯಲ್ಲೂ ಅರಳಿ ಹೋಗುವವರ ಕಣ್ಣು ತುಂಬುವ ಚೆಂಡುಹೂವಿನ ಹೊಲಗಳಲ್ಲಿಯೂ ಹೀಗೆಯೇ. ಬೀಜ ಕೊಟ್ಟು, ಬೆಲೆ ಮೊದಲೇ ಗೊತ್ತುಮಾಡಿ, ಹೂ ಕೊಳ್ಳುವ ಕಂಪೆನಿಗಳು ಇವೆಯೆಂಬುದು ಊರಿಗೆ ಗುಟ್ಟಲ್ಲ. ಆ ಒಪ್ಪಂದ ಲಾಭದ್ದೋ ನಷ್ಟದ್ದೋ ಎಂದು ವಾದಿಸಬಹುದು, ಮೋಸದ್ದೆನ್ನಲಾಗದು.

ಇದಕ್ಕೆ ಒಂದು ಆಕ್ಷೇಪವುಂಟು. ಹೊಗಳಿದವರನ್ನೆಲ್ಲ ಹೀಗೆ ಜರಡಿ ಹಿಡಿದರೆ ನಿಜವಾದ ಉತ್ಸಾಹವೂ ಬತ್ತಿಹೋಗದೆ? ಒಳ್ಳೆಯ ಮಾತಾಡಿದವನಿಗೆ ‘ನಿನಗೆಷ್ಟು ಸಿಕ್ಕಿತು’ ಎಂದು ಕೇಳುವುದು ಸಭ್ಯತೆಯೆ? ಆಕ್ಷೇಪ ಹುರುಳಿಲ್ಲದ್ದಲ್ಲ. ಆದರೆ ಸಂಶಯ ಬೆಳೆಯುವುದು ಕೇಳುವುದರಿಂದಲ್ಲ, ಕೇಳದೆ ಒಳಗೇ ಇಟ್ಟುಕೊಳ್ಳುವುದರಿಂದ. ಗುಟ್ಟಿನ ಪ್ರಚಾರ ಒಮ್ಮೆ ಬಯಲಾದರೆ ಅದರ ದಂಡವನ್ನು ತೆರುವವನು ಕಂಪೆನಿಯವನಲ್ಲ. ಮರುವರ್ಷ ಪ್ರಾಮಾಣಿಕವಾಗಿ ಹೊಗಳಿದ ಬಡ ರೈತ. ಅವನ ಮಾತನ್ನೂ ಯಾರೂ ನಂಬುವುದಿಲ್ಲ. ಕಳ್ಳ ನಾಣ್ಯ ಚಲಾವಣೆಗೆ ಬಂದ ಸಂತೆಯಲ್ಲಿ ಒಳ್ಳೆಯ ನಾಣ್ಯವನ್ನೂ ಕಲ್ಲಿಗೆ ಬಡಿದು ನೋಡುತ್ತಾರಲ್ಲವೆ?

ಆದುದರಿಂದ ಋಣವನ್ನು ಕೇಳುವುದು ಅವಮಾನವೆಂಬ ಭಾವನೆಯನ್ನು ನಾವು ಬಿಡಬೇಕೆಂಬುದು ನನ್ನ ಅಭಿಪ್ರಾಯ. ಹೆಣ್ಣು ಕೊಡುವಾಗ ಮನೆತನ ವಿಚಾರಿಸುತ್ತೇವೆ, ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ. ಅದರಿಂದ ಯಾರೂ ನೊಂದುಕೊಳ್ಳುವುದಿಲ್ಲ. ‘ನೀರು, ಗೊಬ್ಬರ ನಿಮ್ಮದೋ, ಅವರದೋ?’ ಎಂಬ ಪ್ರಶ್ನೆಯೂ ಅಷ್ಟೇ ಸಹಜವಾಗಿ ಬಾಯಿಗೆ ಬರಬೇಕು. ಉಪಾಧ್ಯಾಯರು ಇದನ್ನು ತರಗತಿಯಲ್ಲಿ ರೂಢಿ ಮಾಡಿಸಬಹುದು. ಒಂದು ಜಾಹೀರಾತನ್ನೂ ಒಂದು ಪತ್ರಿಕಾ ವರದಿಯನ್ನೂ ಮುಂದಿಟ್ಟು, ಇಲ್ಲಿ ಯಾರು ಯಾರಿಗೆ ಋಣಿ ಎಂದು ಮಕ್ಕಳನ್ನು ಕೇಳಿದರೆ ಅದು ಭಾಷಾ ಪಾಠವೂ ಆದೀತು, ಲೋಕದ ಪಾಠವೂ ಆದೀತು. ಹೊಗಳುವವರಿಗೂ ಇದರಿಂದ ನಷ್ಟವಿಲ್ಲ. ಪಡೆದುದನ್ನು ಮೊದಲು ಹೇಳಿ ಆಮೇಲೆ ಮೆಚ್ಚುವವನ ಮಾತು, ಏನನ್ನೂ ಹೇಳದೆ ಮೆಚ್ಚುವವನ ಮಾತಿಗಿಂತ ಹೆಚ್ಚು ದಿನ ಬಾಳುತ್ತದೆ. ಮಳೆಯನ್ನು ನಂಬಿ ಬದುಕುವ ಜನಕ್ಕೆ ನೆರೆಯವನ ಮಾತು ಎರಡನೆಯ ಮಳೆ. ಅದು ಮಾರಾಟಕ್ಕೆ ಹೋಗದಂತೆ ಕಾಯುವ ಭಾರ ಕೇಳುವ ನಮ್ಮ ಮೇಲೆಯೂ ಇದೆ.